ಅಂಗೈಯಲ್ಲಿ ಹೆಪ್ಪುಗಟ್ಟಿದ್ದು

ನಮ್ಮ ಕಡೆ ಇದಕ್ಕೆ ಹೆಸರುಗಳ ಕೊರತೆಯೇನೂ ಇಲ್ಲ. ಸ್ವಾಮಿಗಳು ಮಾಡಿದರೆ ಪವಾಡ. ಸಂತೆಯ ಬಯಲಿನಲ್ಲಿ ಬುಟ್ಟಿಯೊಳಗಿನ ಹುಡುಗನನ್ನು ಮಾಯ ಮಾಡಿದರೆ ಗಾರುಡಿ. ಅದನ್ನೇ ಸಾಲಿಯ ಪಡಸಾಲೆಯಲ್ಲಿ ಕರಿ ಕೋಟು ಹಾಕಿಕೊಂಡು ಮಾಡಿದರೆ ಜಾದೂ, ಮಾಸ್ತರರೂ ಚಪ್ಪಾಳೆ ತಟ್ಟುತ್ತಾರೆ. ಚೇಳು ಕಡಿದ ಕಾಲಿನ ಮೇಲೆ ಹಿರಿಯರೊಬ್ಬರು ಬೇವಿನ ಸೊಪ್ಪು ಆಡಿಸಿದರೆ ಮಂತ್ರ. ವೋಟಿನ ಹೊತ್ತಿಗೆ ಬಂದು ಊರನ್ನೆಲ್ಲ ಮರುಳು ಮಾಡಿ ಹೋದವನಿಗಂತೂ ಮಾತಿನ ಮೋಡಿಗಾರ ಎಂಬ ಹೊಗಳಿಕೆ. ಒಳ್ಳೆಯ ಹೆಸರುಗಳನ್ನೆಲ್ಲ ಗಂಡಸರು ಹಂಚಿಕೊಂಡ ಮೇಲೆ ಸೊಸೆಯ ಪಾಲಿಗೆ ಉಳಿದದ್ದು ಒಂದೇ, ಮದ್ದು.

ಮದ್ದು ಎಂದರೆ ಔಷಧ ಎಂದುಕೊಳ್ಳಬೇಡಿ. ಹೆಂಡತಿಯಾದವಳು ಗಂಡನ ಊಟದಲ್ಲಿ ಕದ್ದು ಕಲಸಿ ಹಾಕುತ್ತಾಳಂತೆ. ಅದು ಅವನ ಹೊಟ್ಟೆಯಲ್ಲಿ ಗಂಟಾಗಿ ಕೂರುತ್ತದಂತೆ, ಅದಕ್ಕೆ ಕೂದಲು ಬೆಳೆಯುತ್ತದಂತೆ, ಆಮೇಲೆ ಅವನು ಅವಳು ಕುಣಿಸಿದ ಹಾಗೆ ಕುಣಿಯುತ್ತಾನಂತೆ. ಇಷ್ಟು ಅಂತೆಕಂತೆ ಸಾಕು, ಒಬ್ಬ ಹೆಂಗಸಿನ ಬಾಳು ಕೆಡಿಸಲು. ನನ್ನದು ಹಾಗೇ ಕೆಟ್ಟಿತು. ಈಗ ವಯಸ್ಸಾಗಿದೆ, ಹೇಳಿದರೆ ಯಾರು ಏನು ಮಾಡುತ್ತಾರೆ ಎಂಬ ಅಂಜಿಕೆಯೂ ಉಳಿದಿಲ್ಲ.

ನನ್ನ ತವರು ಕುಬಿಹಾಳ. ಎಪ್ಪತ್ತರ ದಶಕದ ನಡುವೆ ನನ್ನನ್ನು ಕೊಟ್ಟದ್ದು ಕಲಘಟಗಿ ಕಡೆಯ ಒಂದು ಹಳ್ಳಿಗೆ, ತಂಬೂರು ಎಂಬ ಊರಿನಿಂದ ಇನ್ನೂ ಆಚೆ, ಭತ್ತದ ಗದ್ದೆ ಮುಗಿದಲ್ಲಿ ಅಡವಿ ಶುರುವಾಗುವ ಕಡೆ. ಮನೆಯಲ್ಲಿದ್ದವರು ಅತ್ತೆ, ಭಾವ, ಭಾವನ ಹೆಂಡತಿ ಮತ್ತು ನನ್ನ ಗಂಡ. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅತ್ತೆ ಒಬ್ಬಳೇ ದುಡಿದು ಎರಡು ಗಂಡುಮಕ್ಕಳನ್ನು ಬೆಳೆಸಿದ್ದಳು. ಇಬ್ಬರೂ ತನ್ನ ಕಣ್ಣೆದುರೇ ಇರಬೇಕು ಎಂಬುದು ಬಿಟ್ಟರೆ ಅವಳಿಗೆ ಬೇರೆ ಆಸೆ ಇರಲಿಲ್ಲ.

ನನ್ನ ಗಂಡನಿಗೆ ಹೊಲದ ಕೆಲಸ ಒಗ್ಗುತ್ತಿರಲಿಲ್ಲ. ಅವನ ಜೀವವೆಲ್ಲ ಸೈಕಲ್ಲಿನಲ್ಲಿ. ಊರಿನವರ ಕೆಟ್ಟ ಸೈಕಲ್ಲುಗಳೆಲ್ಲ ನಮ್ಮ ಹಿತ್ತಲಿಗೇ ಬರುತ್ತಿದ್ದವು. ಕಲಘಟಗಿಯ ಬಸ್ ನಿಲ್ದಾಣದ ಬಾಜು ಗೆಳೆಯನೊಬ್ಬನ ಜತೆ ಸೈಕಲ್ ಅಂಗಡಿ ಹಾಕಬೇಕು ಎಂದು ಮದುವೆಗೆ ಮೊದಲಿನಿಂದಲೂ ಅವನ ಮನಸ್ಸಿನಲ್ಲಿತ್ತು. ಅವ್ವನ ಮುಂದೆ ಮಾತ್ರ ಬಾಯಿ ಬಿಟ್ಟಿರಲಿಲ್ಲ. ನನಗೆ ಹೇಳಿದ. "ಅಲ್ಲೇ ಒಂದು ಖೋಲಿ ಹಿಡೀತೀನಿ. ನೀ ಬಂದ್ರ ಖಾನಾವಳಿ ಊಟ ತಪ್ಪತೈತಿ," ಎಂದ. ನನಗೆ ಆ ಖೋಲಿ ಬೇಕಾಗಿತ್ತು. ಬೇಕಾಗಿತ್ತು ಎಂದು ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ. ನಮ್ಮದೇ ಒಂದು ಬಾಗಿಲು, ನಮ್ಮದೇ ಒಂದು ಒಲೆ ಎಂಬ ಆಸೆಯಲ್ಲೇ ನಾನು ದಿನ ದೂಡುತ್ತಿದ್ದೆ.

ಮದುವೆಗೆ ಮೊದಲು ಅವನು ಕತ್ತಲಾಗುವವರೆಗೂ ಗೆಳೆಯರ ಜತೆ ಅಲೆಯುತ್ತಿದ್ದನಂತೆ. ಈಗ ದೀಪ ಹಚ್ಚುವ ಮುಂಚೆಯೇ ಮನೆಗೆ ಬರತೊಡಗಿದ. ಆ ಮನೆಯಲ್ಲಿ ಗಂಡಸರು ತಲೆ ಬಗ್ಗಿಸಿ ಉಂಡು ಎದ್ದು ಹೋಗುವವರು. ಇವನು ಒಂದು ದಿನ ಗುರೆಳ್ಳು ಪುಡಿ ಹಾಕಿ ನಾನು ಮಾಡಿದ ಹೀರೇಕಾಯಿ ಪಲ್ಯ ಉಂಡು, "ಇನ್ನೊಂಚೂರು ಹಾಕು, ಅಗದಿ ಚಲೋ ಆಗೈತಿ," ಎಂದುಬಿಟ್ಟ. ಅತ್ತೆ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಹೊಗಳಿಸಿಕೊಂಡದ್ದೇ ಖುಷಿಯಾಗಿ ನಾನು ಪೆದ್ದಿಯ ಹಾಗೆ ನಕ್ಕೆ.

ಅದಾದ ಕೆಲವೇ ದಿನಕ್ಕೆ ಅವನು ಅಂಗಡಿಯ ಮಾತು ತೆಗೆದ. ಮುಂಜಾನೆ, ಎಲ್ಲರೂ ಚಹಾ ಕುಡಿಯುತ್ತಿದ್ದಾಗ. ಅತ್ತೆ ಬೈಯಲಿಲ್ಲ, ಅಳಲೂ ಇಲ್ಲ.

"ಇದು ನೀ ಆಡೂ ಮಾತಲ್ಲ," ಎಂದಳು. "ಯಾರು ಆಡಸ್ತಾರ ಅನ್ನೂದು ನನಗ ಗೊತ್ತೈತಿ."

ನನ್ನ ಗಂಡ ಚಹಾದ ಕಪ್ಪು-ಬಸಿ ಕೆಳಗಿಟ್ಟು ಎದ್ದು ಹೋದ. ಇಲ್ಲ ಅವ್ವಾ, ಇದು ನನ್ನದೇ ಆಸೆ ಎಂದು ಅವತ್ತೇ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿದುಹೋಗುತ್ತಿತ್ತು. ಅವನು ಹೇಳಲಿಲ್ಲ, ನಾನು ಅದನ್ನು ದೊಡ್ಡದು ಮಾಡಲಿಲ್ಲ. ತಾಯಿಗೆ ಎದುರಾಡದವನು ಎಂದು ಒಳಗೊಳಗೇ ಮೆಚ್ಚಿಕೊಂಡೆ ಕೂಡ.

ಮಾತು ಬಾವಿಕಟ್ಟೆ ಮುಟ್ಟಲು ಎಷ್ಟು ಹೊತ್ತು ಬೇಕು? ನೀರಿಗೆ ಹೋದರೆ ಹೆಂಗಸರು ದನಿ ತಗ್ಗಿಸತೊಡಗಿದರು. ಬಾಜು ಮನೆಯಾಕೆ ನಾನು ಕೊಟ್ಟುಕಳಿಸಿದ ಚಟ್ನಿಯ ಬಟ್ಟಲನ್ನು ಮುಚ್ಚಿದ ಎಲೆಯನ್ನೂ ತೆಗೆಯದೆ ಹಾಗೇ ತಿರುಗಿ ಕಳಿಸಿದಳು. ಅದಕ್ಕೆ ಹಿಂದಿನ ವಾರವಷ್ಟೇ ಅದೇ ಚಟ್ನಿ ಹೇಗೆ ಮಾಡುತ್ತೀ ಎಂದು ಕೇಳಿ ತಿಳಿದುಕೊಂಡು ಹೋಗಿದ್ದವಳು ಅವಳು. ಆಗ ಅದು ನನ್ನ ಕೈಗುಣವಾಗಿತ್ತು.

ಭಾವನ ಹೆಂಡತಿ ಒಳ್ಳೆಯವಳು. ದನದ ಕೊಟ್ಟಿಗೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು, "ನಿನ್ನ ಗಂಡನ್ನ ಮದ್ದು ತಗಸಾಕ ಕರಕೊಂಡು ಹೊಂಟಾರ. ನಿನ್ನೂ ಕರೀತಾರ." ಅಡವಿಯ ಆಚೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವವನೊಬ್ಬನಿದ್ದ. ಒಂದು ಸೊಪ್ಪಿನ ರಸವನ್ನು ಅಂಗೈಗೆ ಹಾಕುತ್ತಾನೆ, ಹೊಟ್ಟೆಯಲ್ಲಿ ಮದ್ದಿದ್ದರೆ ರಸ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ, ಇಲ್ಲದಿದ್ದರೆ ಹರಿದು ಹೋಗುತ್ತದೆ ಎಂದಳು. ಯಾವ ಸೊಪ್ಪು ಎಂದು ಕೇಳಿದೆ. ಅವಳು ಹಿತ್ತಲ ಬೇಲಿಯ ಮೇಲೆ ಹಬ್ಬಿದ್ದ ದಾಗಡಿ ಬಳ್ಳಿಯ ಕಡೆ ಕೈ ತೋರಿಸಿದಳು.

ನನಗೆ ನಗು ತಡೆಯಲಾಗಲಿಲ್ಲ. ಕುಬಿಹಾಳದ ಹೊಲದ ಬದುವಿನ ಮೇಲೆ ಆ ಬಳ್ಳಿ ಬೇಕಾದಷ್ಟು. ಸಣ್ಣವರಿದ್ದಾಗ ನಾವು ಅದನ್ನು ನೀರಿನಲ್ಲಿ ಹಿಸುಕಿ ಮೊಸರು ಮಾಡಿ ಆಡುತ್ತಿದ್ದೆವು. ಅದರ ರಸದ ಗುಣವೇ ಅದು, ಯಾರು ಹಿಂಡಿದರೂ ಗಟ್ಟಿಯಾಗುತ್ತದೆ.

ಅದೇ ಮಧ್ಯಾಹ್ನ ಅತ್ತೆ ಗದ್ದೆಗೆ ಹೋದಾಗ ಗಂಡನನ್ನು ಹಿತ್ತಲಿಗೆ ಕರೆದೆ. ಸೊಪ್ಪು ಹಿಸುಕಿ ರಸವನ್ನು ಮೊದಲು ನನ್ನ ಅಂಗೈಗೆ ಹಾಕಿಕೊಂಡೆ. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿಗೆ ಹಸಿರು ಮೊಸರಾಗಿ ಕೂತಿತು. ಅವನ ಅಂಗೈಯಲ್ಲೂ ಕೂತಿತು. ಕೊನೆಗೆ ಒರಳಿನ ಕುಳಿಯಲ್ಲಿ ಸುರಿದೆ. ಅಲ್ಲಿಯೂ ಕೂತಿತು.

"ಒರಳಿಗೆ ಯಾರು ಮದ್ದು ಹಾಕ್ಯಾರ್ರಿ?" ಎಂದು ಕೇಳಿದೆ.

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕೈಯ ಹಸಿರನ್ನು ನನ್ನ ಕೆನ್ನೆಗೆ ಒರೆಸಿದ. ಅತ್ತೆಗೂ ತೋರಿಸೋಣ ಎಂದರೆ ಬೇಡವೆಂದ. "ನೀ ತೋರಿಸಿದ್ರ ಆಕಿ ನಂಬೂದಿಲ್ಲ. ನಾನ ಹೇಳ್ತೀನಿ. ಅಲ್ಲೇ, ಎಲ್ಲಾರ ಮುಂದ ಹೇಳ್ತೀನಿ," ಎಂದ. ಆ ಮಾತು ಕೇಳಿ ಮದ್ದು ತೆಗೆಯುವವನ ಹತ್ತಿರ ಹೋಗುವ ದಿನಕ್ಕೆ ನಾನೇ ಕಾಯತೊಡಗಿದೆ.

ಚಕ್ಕಡಿ ಹೂಡಿಕೊಂಡು ಹೋದೆವು, ಅತ್ತೆ, ಭಾವ, ಅವನು, ನಾನು. ಮದ್ದು ತೆಗೆಯುವವನು ನಾನು ಅಂದುಕೊಂಡ ಹಾಗೆ ಇರಲಿಲ್ಲ. ಹಣೆ ತುಂಬ ವಿಭೂತಿ, ಮೆತ್ತಗಿನ ಮಾತು, ಬಂದವರಿಗೆಲ್ಲ ಕುಡಿಯಲು ನೀರು ಕೊಡಿಸುವ ಮನುಷ್ಯ. ಜನ ಅವನನ್ನು ವೈದ್ಯರು ಎನ್ನುತ್ತಿದ್ದರು. ನಾನು ಹಿಂಡಿದ್ದೂ ಅದೇ ಸೊಪ್ಪು. ನನ್ನನ್ನು ಹಿತ್ತಲಲ್ಲಿ ಯಾರಾದರೂ ಕಂಡಿದ್ದರೆ ಮಾಟಗಾತಿ ಎಂದು ಊರು ಬಿಡಿಸುತ್ತಿದ್ದರು.

ಅಂಗಳದಲ್ಲಿ ಬೇರೆ ಊರಿನ ಜನವೂ ಕೂತಿತ್ತು. ಅವನು ಏನೋ ಮಣಮಣ ಅನ್ನುತ್ತ ನನ್ನ ಗಂಡನ ಅಂಗೈಗೆ ರಸ ಹಾಕಿದ. ಅದು ಕೂತಿತು. ಕೂರದೆ ಎಲ್ಲಿಗೆ ಹೋಗುತ್ತದೆ?

"ನೋಡ್ರಿ, ಹಿಡದೈತಿ," ಎಂದು ಎಲ್ಲರಿಗೂ ಕಾಣುವ ಹಾಗೆ ಅವನ ಕೈ ಎತ್ತಿದ. "ಬಾಳ ದಿವ್ಸದ್ದಲ್ಲ. ಮದುವಿ ಆದಮ್ಯಾಲಿಂದು." ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ವೈದ್ಯ ನನ್ನ ಗಂಡನ ಕಡೆ ತಿರುಗಿದ. "ನೀವ ಹೇಳ್ರಿ. ಮನಿ ಬಿಟ್ಟು ಹೋಗಬೇಕು, ಅಂಗಡಿ ಹಾಕಬೇಕು ಅಂತೀರಂತಲ್ಲ, ಅದು ನಿಮ್ಮ ಮನಸಿನ ಮಾತೇನ್ರಿ?"

ನಾನು ಗಂಡನ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾನೆ, ಈಗ ನಗುತ್ತಾನೆ ಎಂದು ಕಾದೆ. ಅವನು ತನ್ನ ಅಂಗೈ ನೋಡಿದ, ಆಮೇಲೆ ತಾಯಿಯ ಮುಖ ನೋಡಿದ.

"ನನಗೂ ತಿಳೀವಲ್ದ್ರಿ," ಎಂದ. "ಯಾರೋ ಒಳಗ ಕುಂತು ಆಡಿಸಿದಂಗ ಆಗತೈತ್ರಿ."

ನಾನು ಸುಮ್ಮನಿರಲಿಲ್ಲ. "ಒರಳಿನ್ಯಾಗೂ ಕುಂತಿತ್ತಲ್ರಿ, ನೀವ ನೋಡಿ ನಕ್ಕಿರಿ," ಎಂದೆ. ಅವನು ತಲೆ ಎತ್ತಲಿಲ್ಲ. "ಸುಮ್ಕಿರ ಬೇ," ಎಂದು ಭಾವ ಗದರಿದ. ವೈದ್ಯ ಸಿಟ್ಟಾಗಲಿಲ್ಲ, ಜನರ ಕಡೆ ನೋಡಿ ನಕ್ಕ. "ಹಾಕಿದವರು ಹಿಂಗ ಮಾತಾಡೂದ್ರಿ," ಎಂದ. ಆಮೇಲೆ ಕಹಿ ಕಷಾಯ ಕುಡಿಸಿ ವಾಂತಿ ಮಾಡಿಸಿದರು. ಅದರಲ್ಲಿಂದ ವೈದ್ಯನೇ ಒಂದು ಕರಿ ಉಂಡೆ ಎತ್ತಿ ತೋರಿಸಿದ. ಎಲ್ಲರೂ ಬಗ್ಗಿ ನೋಡಿದರು. ಈಗ ಹೇಗಿದೆ ಎಂದು ಕೇಳಿದರೆ ನನ್ನ ಗಂಡ, "ಹಗುರ ಆತ್ರಿ," ಎಂದ.

ಬರುವಾಗ ಅವನು ಚಕ್ಕಡಿಯಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಅವಳು ಅವನ ಕೂದಲಲ್ಲಿ ಬೆರಳಾಡಿಸುತ್ತಿದ್ದಳು. ನಾನು ಹಿಂಬದಿಗೆ ಕಾಲು ಇಳಿಬಿಟ್ಟುಕೊಂಡು, ಬಿಟ್ಟು ಬಂದ ದಾರಿ ನೋಡುತ್ತ ಕೂತಿದ್ದೆ.

ಮಾಟ ಮಂತ್ರ ನಂಬಿದವರ ಮೇಲೆ ನನಗೆ ಸಿಟ್ಟಿಲ್ಲ. ಅತ್ತೆ ನಿಜವಾಗಿ ನಂಬಿದ್ದಳು. ಮಗನಿಗೆ ವಿಷ ಬಿದ್ದಿದೆ ಎಂದು ಅವಳು ಎಷ್ಟೋ ದಿನ ಸರಿಯಾಗಿ ಉಂಡಿರಲಿಲ್ಲ. ನನ್ನ ಸಿಟ್ಟೆಲ್ಲ ನಂಬದೆಯೇ ಅದನ್ನು ಬಳಸಿಕೊಂಡವನ ಮೇಲೆ. ಅಂಗಡಿಯ ಆಸೆ ಅವನದು, ಮನೆ ಬಿಡುವ ಆಸೆ ಅವನದು. ಮದ್ದು ಎಂದೊಡನೆ ಅದೆಲ್ಲ ನನ್ನ ತಲೆಯ ಮೇಲೆ ಬಂತು, ಅವನು ಮೊದಲಿನ ಹಾಗೆ ತಾಯಿಯ ಒಳ್ಳೆಯ ಮಗನಾದ. ಗಾರುಡಿಯವನು ಹುಡುಗನನ್ನು ಮಾಯ ಮಾಡಿದರೂ ಕೊನೆಗೆ ಬುಟ್ಟಿಯಿಂದ ಎತ್ತಿ ತೋರಿಸುತ್ತಾನೆ. ನನ್ನ ಗಂಡ ತನ್ನನ್ನು ತಾನೇ ಮಾಯ ಮಾಡಿಕೊಂಡವನು ತಿರುಗಿ ಬರಲಿಲ್ಲ.

ಅಂದಿನಿಂದ ನನಗೆ ಅಡುಗೆಮನೆ ಮುಚ್ಚಿತು. ಕೊಟ್ಟಿಗೆ ಬಳಿಯುವುದು, ನೀರು ಹೊರುವುದು, ಭತ್ತ ಕುಟ್ಟುವುದು ನನ್ನ ಪಾಲಿಗೆ ಬಂದವು. ಕಲಘಟಗಿಯ ಗೆಳೆಯ ಬೇರೆ ಯಾರನ್ನೋ ಜತೆಗೆ ಹಾಕಿಕೊಂಡು ಅಂಗಡಿ ತೆಗೆದ. ಒಂದು ದಿನ ಬಣವೆಯ ಹಿಂದೆ ಗಂಡ ನನ್ನನ್ನು ತಡೆದು ನಿಲ್ಲಿಸಿದ.

"ಒಂದು ಮಾತಿಗೆ ಹೂಂ ಅಂದ್ನಿ, ಅಷ್ಟ. ಮನಿ ಶಾಂತ ಆತು. ಖರೆ ಏನಂತ ನಿನಗ ಗೊತ್ತೈತಿ, ನನಗ ಗೊತ್ತೈತಿ. ಸಾಕಲ್ಲ?"

"ನನಗ ಸಾಕಾಗೂದಿಲ್ಲ," ಎಂದೆ.

"ನಾ ನಿನ್ನ ಕೂಡ ನಕ್ಕು ಮಾತಾಡಿದ್ರ ಮತ್ತ ಹಾಕಿದ್ಲು ಅಂತಾರ. ನಿನ್ನ ಸಲುವಾಗೇ ದೂರ ಇರತೀನಿ, ತಿಳ್ಕೋ."

ತಿಳಿದುಕೊಂಡೆ. ಅವನು ನನ್ನನ್ನು ಕಡೆಗಣಿಸಿದಷ್ಟೂ ನಾನು ಒಳ್ಳೆಯವಳಾಗುತ್ತ ಹೋದೆ. ಜನರೆದುರು ಅವನು ನನ್ನ ಮೇಲೆ ರೇಗಿದ ದಿನ ಅತ್ತೆ ನನ್ನ ಜತೆ ಮೆತ್ತಗೆ ಮಾತಾಡುತ್ತಿದ್ದಳು. ಗಂಡ ನನ್ನನ್ನು ಪ್ರೀತಿಸುತ್ತಾನೆ ಎಂಬುದೇ ನನ್ನ ವಿರುದ್ಧ ಸಾಕ್ಷಿಯಾಗಿದ್ದ ಮೇಲೆ ಇನ್ನೇನಾಗಬೇಕು?

ಆ ಹೊತ್ತಿಗಾಗಲೇ ನಾನು ಬಸುರಿ. ಬಾಣಂತನಕ್ಕೆ ಕುಬಿಹಾಳಕ್ಕೆ ಬಂದೆ. ಹೆಣ್ಣು ಹುಟ್ಟಿತು. ಸುದ್ದಿ ಮುಟ್ಟಿದರೂ ಅತ್ತೆ ಕುಬಸಕ್ಕೆಂದು ಒಂದು ತುಂಡು ಕಣದ ಬಟ್ಟೆ ಕೂಡ ಕಳಿಸಲಿಲ್ಲ. ತಿಂಗಳು ತುಂಬುವ ಹೊತ್ತಿಗೆ ಗಂಡ ಬಂದ, ಒಬ್ಬನೇ. ಬಸ್ಸಿನ ಮೇಲೆ ಹಾಕಿಸಿಕೊಂಡು, ಹುಬ್ಬಳ್ಳಿಯಲ್ಲಿ ಇಳಿಸಿ ಮತ್ತೊಂದು ಬಸ್ಸಿಗೆ ಏರಿಸಿ, ಕಲಘಟಗಿಯ ಬಣ್ಣದ ತೊಟ್ಟಿಲು ತಂದಿದ್ದ. ತೊಟ್ಟಿಲು ಕೊಡುವುದು ತವರಿನವರ ಪದ್ಧತಿ. ಗಂಡನಾದವನು ಹೊತ್ತು ತಂದದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. ಜನ ಬಂದು ನೋಡಿ ಹೋದರು. ಕೆಂಪು, ಹಳದಿ, ಹಸಿರು, ಅಂಚಿನ ತುಂಬ ಗಿಳಿಗಳು. ಕಲಘಟಗಿಯ ಬಡಿಗೇರರಿಗೆ ಮುಂಚಿತವಾಗಿ ಹೇಳಿ ಎಷ್ಟೋ ಸಲ ಹೋಗಿ ಕೂತು ಮಾಡಿಸದಿದ್ದರೆ ಅಂಥದ್ದು ಸಿಗುವುದಿಲ್ಲ. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು, ಸುಳ್ಳು ಯಾಕೆ ಹೇಳಲಿ.

ನನ್ನ ಅವ್ವ ಕೇಳಿದಳು, "ಬಾಳ ಚೆಂದ ಐತ್ರಿ. ಯಾರು ಮಾಡಿಸ್ಯಾರ್ರಿ?"

ಅಲ್ಲಿ ಅವನ ಮನೆಯವರು ಯಾರೂ ಇರಲಿಲ್ಲ. ನನ್ನ ಅಪ್ಪ, ಅವ್ವ, ನಾನು, ಮಡಿಲಲ್ಲಿ ಮಗು, ಅಷ್ಟೇ. ಮಾಡಿಸಿದ್ದು ತಾನೇ ಎಂದು ಅವನು ಒಂದು ಮಾತು ಹೇಳಲಿ ಅಂತ ಅವನನ್ನೇ ನೋಡಿದೆ. ಅವನು ತೆರೆದ ಬಾಗಿಲ ಕಡೆ ಒಂದು ಸಲ ನೋಡಿದ.

"ಅವ್ವ ಮಾಡಿಸಿ ಕಳಿಸ್ಯಾಳ್ರಿ," ಎಂದ.

"ಹಂಗಾರ ನಿಮ್ಮ ಅವ್ವನ ಬಂದು ತೂಗಲಿ," ಎಂದೆ ನಾನು.

ಅವನು ಜಂತಿಗೆ ಹಗ್ಗ ಬಿಗಿದ, ತನ್ನ ಭಾರವನ್ನೆಲ್ಲ ಹಾಕಿ ಜಗ್ಗಿ ನೋಡಿದ, ಮಗಳನ್ನು ನನ್ನ ಮಡಿಲಿನಿಂದ ಎತ್ತಿ ಅದರಲ್ಲಿ ಮಲಗಿಸಿದ. ಸಂಜೆಯ ಬಸ್ಸಿಗೆ ಹೋದ. ನಾನು ಕುಬಿಹಾಳದಲ್ಲೇ ಉಳಿದೆ. ಮಗಳು ಆ ತೊಟ್ಟಿಲಲ್ಲೇ ಬೆಳೆದಳು, ನನ್ನ ಅವ್ವ ತೂಗಿದಳು. ನಾನು ಅದನ್ನು ಒಂದು ಸಲವೂ ತೂಗಲಿಲ್ಲ.