ಅತ್ತೆಯ ಕ್ಯಾಸೆಟ್ಟಿನ ಕೊನೆಯಲ್ಲಿ

ಆ ಗುರುವಾರ ಉಳಿದ ಗುರುವಾರಗಳ ಹಾಗೆಯೇ ಇತ್ತು. ಕೆಳಗಿನ ಇರಾನಿ ರೊಟ್ಟಿ ಅಂಗಡಿಯ ವಾಸನೆ ಮೆಟ್ಟಿಲು ಹತ್ತಿ ನಮ್ಮ ಬಾಗಿಲವರೆಗೆ ಬಂದಿತ್ತು. ನನ್ನ ಗಂಡ ದುಬೈಯ ನೈಫ್ ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಿಯಾಗಿತ್ತು. ನಾನು ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹೋದಾಗ ಎದುರು ಫ್ಲಾಟಿನ ಖಾನಂ ನೀರಿನ ಟಾಂಕಿಯ ನೆರಳಿನಲ್ಲಿ, ನನಗೆ ಬೆನ್ನು ಹಾಕಿ ನಿಂತು, ಯಾರನ್ನೋ ಗದರುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ. ನನ್ನ ಚಪ್ಪಲಿಯ ಸದ್ದಿಗೆ ತಿರುಗಿ ನಕ್ಕರು. ನಾಟಕದ ಮಾತು ಬಾಯಿಪಾಠ ಮಾಡುತ್ತಿದ್ದರು.

ಖಾನಂ ಎಂದರೆ ಫಾರ್ಸಿಯಲ್ಲಿ ಅಮ್ಮನವರೇ ಎಂದ ಹಾಗೆ. ಕಟ್ಟಡದವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಐವತ್ತು ದಾಟಿತ್ತು. ದೇರಾದ ಒಂದು ಬ್ಯೂಟಿ ಪಾರ್ಲರಿನಲ್ಲಿ ಮದುವೆ ಹೆಣ್ಣುಗಳಿಗೆ ಅಲಂಕಾರ ಮಾಡುತ್ತಿದ್ದರು. ನಾವಿಬ್ಬರೂ ಮಾತಾಡುತ್ತಿದ್ದುದು ದುಬೈಯ ಪೇಟೆ ಹಿಂದಿಯಲ್ಲಿ. ಅವರದೂ ಹರಕು, ನನ್ನದೂ ಹರಕು. ಅವರು ನನ್ನನ್ನು ಜಾನಂ ಎನ್ನುತ್ತಿದ್ದರು. ನನ್ನ ಜೀವವೇ ಎಂದು ಅದರ ಅರ್ಥ. ಈರುಳ್ಳಿ ಕೇಳುವಾಗಲೂ ಜಾನಂ, ಕರೆಂಟು ಹೋದಾಗಲೂ ಜಾನಂ.

ಅವರು ಸಿನಿಮಾ ನಟಿಯಾಗಿದ್ದರೆಂದು ನಮಗೆ ಬಹಳ ಸಮಯ ಗೊತ್ತಿರಲಿಲ್ಲ. ಹೇಳಿದ್ದು ರೊಟ್ಟಿ ಅಂಗಡಿಯ ಅಜ್ಜ. ಇರಾನಿನಲ್ಲಿ ಷಾ ದೊರೆಯ ಕಾಲದಲ್ಲಿ ಟಾಕೀಸುಗಳ ಗೋಡೆಯ ಮೇಲೆ ಖಾನಂ ಮುಖ ಆಳೆತ್ತರಕ್ಕೆ ಇರುತ್ತಿತ್ತಂತೆ. ದೊರೆ ಹೋದ ಮೇಲೆ ಅಂಥ ಚಿತ್ರಗಳೆಲ್ಲ ನಿಂತವು. ಹೊಸ ಸರಕಾರದವರು ಇವರನ್ನೂ ಕರೆಸಿ, ಇನ್ನು ನಟಿಸುವುದಿಲ್ಲವೆಂದು ಬರೆಸಿಕೊಂಡರು. ಅದಾದ ಕೆಲವು ತಿಂಗಳಿಗೆ ಅವರು ಸರಕು ಸಾಗಿಸುವ ಒಂದು ಲಾಂಚಿನಲ್ಲಿ, ಒಣಹಣ್ಣಿನ ಮೂಟೆಗಳ ನಡುವೆ ಕೂತು, ಈ ದಡಕ್ಕೆ ಬಂದಿದ್ದರು. ಮತ್ತೆ ಆ ದಡಕ್ಕೆ ಹೋಗಲಿಲ್ಲ.

ನನ್ನ ಗಂಡನಿಗೆ ಇದು ಕೇಳಿ ತಡೆಯಲಾಗಲಿಲ್ಲ. "ಎಂತ ಮಾರಾಯ್ತಿ, ಎದುರು ಮನೇಲಿ ಹೀರೋಯಿನ್ ಉಂಟು, ನೀನು ಅವರ ಹತ್ರ ಈರುಳ್ಳಿ ಕೇಳ್ಲಿಕ್ಕೆ ಹೋಗ್ತಿ" ಎಂದು ನಗಾಡಿದರು. ಮಾರನೆಯ ದಿನ ಇರಾನಿ ವೀಡಿಯೋ ಅಂಗಡಿಯಿಂದ ಒಂದು ಕ್ಯಾಸೆಟ್ ತಂದರು. ಕಾಪಿಯ ಕಾಪಿಯ ಕಾಪಿ. ಬಣ್ಣ ಹೋಗಿತ್ತು. ಖಾನಂ ಹತ್ತಿರ ಬಂದಾಗಲೆಲ್ಲ ಮುಖ ಬೆಳ್ಳಗಾಗಿ, ಎರಡು ಕಣ್ಣು ಮಾತ್ರ ಉಳಿಯುತ್ತಿದ್ದವು. ಸ್ವರ ಮಾತ್ರ ಸ್ಪಷ್ಟವಾಗಿತ್ತು. ಎಳೆಯ ಹುಡುಗಿಯ ಸಣ್ಣ ಸ್ವರ, ಗಾಜಿನ ಬಳೆಯ ಹಾಗೆ.

ನಮ್ಮ ಖಾನಂ ಸ್ವರ ಹಾಗಿರಲಿಲ್ಲ. ತಗ್ಗಿನದು, ಒರಟು, ಬಾವಿಯ ಒಳಗಿನಿಂದ ಬಂದ ಹಾಗೆ. ಪ್ರಾಯದಲ್ಲಿ ನಿಮ್ಮ ಸ್ವರ ಎಷ್ಟು ಸಣ್ಣಗಿತ್ತು ಎಂದು ನಾನು ಹೇಳಿದಾಗ ಅವರು ಚಹಾದ ಗ್ಲಾಸು ಕೆಳಗಿಟ್ಟರು. ಅದು ತನ್ನದಲ್ಲ ಎಂದರು. ಅವರ ಕಾಲದಲ್ಲಿ ಅಲ್ಲಿ ಚಿತ್ರವನ್ನು ಸ್ವರವಿಲ್ಲದೆ ತೆಗೆಯುತ್ತಿದ್ದರಂತೆ. ಆಮೇಲೆ ಒಂದು ಕತ್ತಲೆ ಕೋಣೆಯಲ್ಲಿ ಬೇರೆಯವರು ಕೂತು ಪರದೆ ನೋಡಿಕೊಂಡು ಮಾತು ತುಂಬಿಸುತ್ತಿದ್ದರು. ಇವರಿಗೆ ಮಾತಾಡಿದ ಹೆಂಗಸೇ ಇನ್ನೂ ಎಷ್ಟೋ ನಾಯಕಿಯರಿಗೂ ಮಾತಾಡಿದ್ದಳು. ಇವರ ಮುಖ ಎಲ್ಲರಿಗೂ ಬೇಕಿತ್ತು, ಗಂಡು ಗಂಟಲು ಯಾರಿಗೂ ಬೇಡವಾಗಿತ್ತು. ಒಮ್ಮೆ ರೇಡಿಯೋದಲ್ಲಿ ಆ ಹೆಂಗಸಿನ ಮಾತು ಬಂದಾಗ, ತನ್ನನ್ನು ತಾನೇ ಪಕ್ಕದ ಕೋಣೆಯಿಂದ ಕರೆದ ಹಾಗಾಗಿ ಖಾನಂ ಎದ್ದು ನಿಂತಿದ್ದರಂತೆ.

"ನಾಳೆ ನಾನು ಸತ್ತರೆ, ಜಾನಂ, ನನ್ನ ಮುಖದಲ್ಲಿ ಅವಳು ಮಾತಾಡ್ತಾ ಇರ್ತಾಳೆ" ಎಂದರು.

ಅದಕ್ಕೇ ಆ ನಾಟಕ ಅವರಿಗೆ ಅಷ್ಟು ಬೇಕಾಗಿತ್ತು. ಅವರ ಹಾಗೆಯೇ ದೇಶ ಬಿಟ್ಟ ಕೆಲವರು ಯುರೋಪಿನಿಂದ ಬಂದು ದುಬೈಯ ಒಂದು ಹೋಟೆಲಿನ ಹಾಲಿನಲ್ಲಿ ಆಡುವವರಿದ್ದರು. ಅದರಲ್ಲೊಬ್ಬಳು ತಾಯಿ. ಮಗಳು ಬರುತ್ತಾಳೆಂದು ಅಡುಗೆ ಮಾಡಿಟ್ಟು, ಬಾಗಿಲ ಬಳಿ ಕುರ್ಚಿ ಹಾಕಿ ಕಾಯುತ್ತಾಳೆ. ಬೈಯುತ್ತಾಳೆ, ರಮಿಸುತ್ತಾಳೆ, ಅಡುಗೆ ಮತ್ತೆ ಬಿಸಿ ಮಾಡುತ್ತಾಳೆ. ಮಗಳು ಬರುವುದಿಲ್ಲ. ಆ ತಾಯಿಯ ಪಾತ್ರ ಖಾನಂಗೆ ಸಿಕ್ಕಿತ್ತು. ಜೀವಮಾನದಲ್ಲಿ ಮೊದಲ ಸಲ ಜನರ ಎದುರು ತನ್ನ ಮುಖದಿಂದಲೇ ತನ್ನ ಸ್ವರ ಹೊರಡುವುದಿತ್ತು. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಎಂದು ಹೇಳಿಟ್ಟಿದ್ದರು. ನನಗೆ ಭಾಷೆ ಬರುವುದಿಲ್ಲ ಎಂದರೆ, ಅದಕ್ಕೇ ನೀನು ಬರಬೇಕು, ನೀನು ಬರೀ ಸ್ವರ ಕೇಳು ಎಂದಿದ್ದರು.

ಆ ಗುರುವಾರ ಸಂಜೆ ಅವರು ನಮ್ಮಲ್ಲಿಗೆ ಬಂದದ್ದು ಟೇಪ್ ರೆಕಾರ್ಡರಿಗಾಗಿ. ತನ್ನ ಮಾತು ಹೊರಗಿನಿಂದ ಹೇಗೆ ಕೇಳುತ್ತದೆಂದು ನೋಡಬೇಕಿತ್ತು. ಯಂತ್ರದಲ್ಲಿ ಇದ್ದುದು ಅತ್ತೆಯ ಕ್ಯಾಸೆಟ್. ಊರಿಗೂ ನಮಗೂ ಕಾಗದಕ್ಕಿಂತ ಹೆಚ್ಚು ಓಡಾಡುತ್ತಿದ್ದುದು ಆ ಒಂದು ಕ್ಯಾಸೆಟ್ಟೇ. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ನಾವು ಮಾತು ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕೊಡುವುದು. ಉಡುಪಿಯಲ್ಲಿ ಮನೆಯವರೆಲ್ಲ ಸುತ್ತ ಕೂತು ಕೇಳುವುದು. ಆಮೇಲೆ ಅತ್ತೆ ನಮ್ಮ ಮಾತಿನ ಮೇಲೆಯೇ ತನ್ನ ಮಾತು ತುಂಬಿಸಿ ವಾಪಸು ಕಳಿಸುವುದು. ಗಲ್ಫಿನಲ್ಲಿ ಇದ್ದ ನಮ್ಮ ಕಡೆಯವರು ಎಷ್ಟೋ ಮನೆಗಳಲ್ಲಿ ಹಾಗೆಯೇ ಮಾಡುತ್ತಿದ್ದರು. ಅತ್ತೆಯ ಮಾತು ನಾವು ಕೇಳಿಯಾಗಿತ್ತು. ಇದರಲ್ಲೇ ಮಾಡಿ ಖಾನಂ ಎಂದೆ.

ಅವರು ಏಸಿ ನಿಲ್ಲಿಸಿದರು. ಫ್ರಿಜ್ಜನ್ನೂ ನಿಲ್ಲಿಸಲು ಹೇಳಿದರು, ಅದು ಗುಂಯ್ ಎನ್ನುತ್ತದೆಂದು. ಎದುರಿಗೆ ಒಂದು ಖಾಲಿ ಕುರ್ಚಿ ಇಟ್ಟು, ನನ್ನನ್ನು ಮೂಲೆಯಲ್ಲಿ ಕೂರಿಸಿ, ಆ ಕುರ್ಚಿಯನ್ನು ನೋಡುತ್ತ ಮಾತಾಡತೊಡಗಿದರು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ನಾನು ಎರಡು ಮೂರು ಸಲ ಬಾಗಿಲ ಕಡೆ ನೋಡಿದ್ದು ನೆನಪಿದೆ. ಕೊನೆಯ ಮಾತಿಗೆ ಅವರು ಉಸಿರೆಳೆದುಕೊಂಡಾಗಲೇ ಯಂತ್ರ ಟಕ್ ಎಂದಿತು. ಕ್ಯಾಸೆಟ್ ಮುಗಿದಿತ್ತು.

ಹಿಂದಕ್ಕೆ ತಿರುಗಿಸಿ ಸ್ವಲ್ಪ ಕೇಳಿದೆವು. ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತರು. ಇದು ನಾನು ಎಂದರು. ಉಳಿದದ್ದು ನಾಳೆ ಕೇಳೋಣ, ಕೊನೆಯ ಮಾತೂ ನಾಳೆ, ಈಗ ಫ್ರಿಜ್ಜು ಹಾಕು, ನಿನ್ನ ಮೀನು ಹಾಳಾಗುತ್ತದೆ ಎಂದು ಹೇಳಿ ಹೋದರು.

ಶುಕ್ರವಾರ ಬೆಳಿಗ್ಗೆ ಅಜ್ಜ ಖಾನಂ ಬಾಗಿಲಿಗೆ ಸಿಕ್ಕಿಸಿಟ್ಟ ರೊಟ್ಟಿ ಹಾಗೆಯೇ ಇತ್ತು. ವಾಚ್‌ಮನ್ ಬೀಗ ತೆಗೆದ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೃದಯ ನಿಂತಿದೆ ಎಂದರು ಬಂದ ಡಾಕ್ಟರು. ಕಾಗದಪತ್ರದ ಕೆಲಸ ಮುಗಿದು ಮರುದಿನ ಮಣ್ಣು ಮಾಡಿದರು. ನನ್ನ ಗಂಡನೂ ಹೋಗಿದ್ದರು. ಮರಳು ಒಣಗಿತ್ತು, ಎಳೆದ ಕಡೆ ನಿಲ್ಲುತ್ತಿರಲಿಲ್ಲ ಎಂದಷ್ಟೇ ಬಂದು ಹೇಳಿದರು.

ಅದೇ ಸಂಜೆ ಅವರ ಅಂಗಡಿಯ ಒಬ್ಬರು ರಜೆಯ ಮೇಲೆ ಊರಿಗೆ ಹೊರಟಿದ್ದರು. ಹಾಲಿನ ಪುಡಿ, ಸಾಬೂನು ಮೊದಲೇ ಕಟ್ಟಿಟ್ಟಿತ್ತು. ನಾನು ಪಾರ್ಲರಿನ ಹೆಂಗಸರ ಜೊತೆ ಎದುರು ಫ್ಲಾಟಿನಲ್ಲಿ ಬಟ್ಟೆ ಮಡಚುತ್ತಿದ್ದೆ. ನನ್ನ ಗಂಡ ಯಾವಾಗಲೂ ಮಾಡುವಂತೆ ಯಂತ್ರದಿಂದ ಕ್ಯಾಸೆಟ್ ತೆಗೆದು, ಹಾಲಿನ ಪುಡಿಯ ಕಟ್ಟಿನೊಳಗೆ ತುರುಕಿ ಕೊಟ್ಟುಬಿಟ್ಟರು. ನಾನು ಕೇಳಿದಾಗ, ನೀನು ಮಾತು ತುಂಬಿಸಿ ಇಟ್ಟಿದ್ದಿ ಅಂದ್ಕೊಂಡೆ ಮಾರಾಯ್ತಿ, ಯಂತ್ರದಲ್ಲೇ ಇತ್ತಲ್ಲ ಎಂದರು. ನಾವಿಬ್ಬರೂ ಹೆಚ್ಚು ಚಿಂತೆ ಮಾಡಲಿಲ್ಲ. ಕ್ಯಾಸೆಟ್ ಯಾವಾಗಲೂ ವಾಪಸು ಬರುತ್ತಿತ್ತು.

ಆಮೇಲೆ ನನಗೆ ತಾರಸಿ ಕಷ್ಟವಾಯಿತು. ಟಾಂಕಿಯ ಹಿಂದೆ ಯಾರೋ ತಗ್ಗಿದ ಸ್ವರದಲ್ಲಿ ಗದರುತ್ತಿದ್ದಾರೆ ಎನಿಸುತ್ತಿತ್ತು. ಹೋಗಿ ನೋಡಿದರೆ ಪೈಪಿನಲ್ಲಿ ನೀರು. ಗೊತ್ತಿದ್ದೂ ಪ್ರತಿ ಸಲ ಹೋಗಿ ನೋಡುತ್ತಿದ್ದೆ. ಹೋಟೆಲಿನಲ್ಲಿ ನಾಟಕ ಆಯಿತು, ಬೇರೆ ಯಾರೋ ತಾಯಿಯಾದರು. ನಾನು ಹೋಗಲಿಲ್ಲ.

ನಲವತ್ತನೆಯ ದಿನದ ಪ್ರಾರ್ಥನೆಗೆ ಅವರ ಅಕ್ಕ ಇರಾನಿನಿಂದ ಬಂದರು. ಕಪ್ಪು ಹೊದಿಕೆ, ತಂಗಿಯದೇ ಹುಬ್ಬು. ಹಿಂದಿ ಬರುತ್ತಿರಲಿಲ್ಲ, ರೊಟ್ಟಿ ಅಂಗಡಿಯ ಅಜ್ಜ ನಡುವೆ ಕೂತು ತಿಳಿಸುತ್ತಿದ್ದ. ಮಗಳು ಸಿನಿಮಾಕ್ಕೆ ಹೋದಳೆಂದು ತಂದೆ ಮನೆಯಲ್ಲಿ ಅವಳ ಹೆಸರು ಹೇಳುವುದನ್ನೇ ನಿಲ್ಲಿಸಿದ್ದರು. ಫೋನು ಬಂದರೆ ತಾಯಿ ಎತ್ತುವಂತಿರಲಿಲ್ಲ. ತಂದೆ ತೀರಿದ ಮೇಲೆ ಎತ್ತಬಹುದಿತ್ತು. ಅಷ್ಟರಲ್ಲಿ ಏನು ಮಾತಾಡುವುದೆಂದು ತಾಯಿಗೆ ತಿಳಿಯಲಿಲ್ಲ. ಈಗ ತಾಯಿಗೆ ಕಣ್ಣಿಲ್ಲ. ನಾನು ಕೊಡಲೆಂದು ಎತ್ತಿಟ್ಟಿದ್ದ ಫೋಟೋಗಳನ್ನು ಅಕ್ಕ ಮೆಲ್ಲಗೆ ನನ್ನ ಕಡೆಗೇ ಸರಿಸಿದರು.

ಅಜ್ಜ ಹೇಳಿದ: "ಅಮ್ಮನಿಗೆ ಮುಖ ಕಾಣೋದಿಲ್ಲ ಬೇಟಿ. ಸಿನಿಮಾದ ಸ್ವರ ಕೇಳಿಸಿದರೆ ಇದು ನನ್ನ ಮಗಳಲ್ಲ ಅಂತಾಳಂತೆ. ಎಲ್ಲಿಯಾದರೂ ಅವಳ ಸ್ವರ ಇದೆಯಾ ಅಂತ ಕೇಳ್ತಾಳೆ. ಇವಳಿಗೂ ಈಗ ಅದು ನೆನಪಿಗೆ ಬರ್ತಾ ಇಲ್ಲವಂತೆ."

ಇದೆ ಎಂದೆ. ಆ ಒಂದು ಶಬ್ದ ಹಿಂದಿಯಲ್ಲಿ ಅಕ್ಕನಿಗೂ ತಿಳಿಯಿತು.

ನನ್ನ ಗಂಡ ಕೂಡಲೇ ಊರಿನ ಮನೆಯ ಹತ್ತಿರದ ಅಂಗಡಿಗೆ ಫೋನು ಮಾಡಿ, ಕ್ಯಾಸೆಟ್ ಮುಟ್ಟಬೇಡಿ, ಹಾಗೆಯೇ ಕಳಿಸಿ ಎಂದು ಹೇಳಿ ಕಳಿಸಿದರು. ರಜೆಗೆ ಬಂದವರ ಕೈಯಲ್ಲಿ ಕ್ಯಾಸೆಟ್ ಆಗಲೇ ಕೊಟ್ಟಾಗಿದೆ, ಅವರು ಹೊರಟಿದ್ದಾರೆ ಎಂದು ಉತ್ತರ ಬಂತು. ಅಕ್ಕ ಕಾದರು. ದಿನಾ ಸಂಜೆ ಬಂದು ಯಂತ್ರದ ಎದುರು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು.

ಕ್ಯಾಸೆಟ್ ಬಂದ ದಿನ ನಾನು ಮೊದಲು ಒಬ್ಬಳೇ ಕೇಳಬೇಕಿತ್ತೋ ಏನೋ. ಅಕ್ಕನೂ ಅಜ್ಜನೂ ಆಗಲೇ ಬಂದು ಕೂತಿದ್ದರು. ನಾನು ಏಸಿ ನಿಲ್ಲಿಸಿದೆ, ಫ್ರಿಜ್ಜನ್ನೂ ನಿಲ್ಲಿಸಿದೆ. ಗುಂಡಿ ಒತ್ತಿದೆ.

"ಹಲೋ... ಹಲೋ... ಕೇಳ್ತದಾ? ಕೆಂಪು ದೀಪ ಹೊತ್ತಿದೆ. ಮಾತಾಡ್ಲಾ ಈಗ?"

ಅತ್ತೆಯ ಸ್ವರ. ಕಪ್ಪು ದನ ಕರು ಹಾಕಿದೆ. ಹಲಸಿನ ಹಪ್ಪಳ ಒಣಗಿಸಿದ್ದನ್ನು ಕಾಗೆ ತಿಂದಿದೆ, ಉಳಿದದ್ದು ಕಳಿಸಿದ್ದೇನೆ. ದೊಡ್ಡವನ ಮಕ್ಕಳು ಹಂಚು ಒಡೆದಿದ್ದಾರೆ. ಹಿಂದೆ ಆ ಮಕ್ಕಳ ಗಲಾಟೆ, ಯಾರೋ ಅಕ್ಕಿ ಕೇರುವ ಸದ್ದು. ನಾನು ನಿಲ್ಲಿಸಲು ಕೈ ಚಾಚಿದೆ. ಅಕ್ಕ ಕೈ ಎತ್ತಿ ತಡೆದರು. ಬೆನ್ನು ನೇರ ಮಾಡಿ, ಮಡಿಲಲ್ಲಿ ಕೈ ಇಟ್ಟುಕೊಂಡು, ಒಂದಕ್ಷರ ತಿಳಿಯದ ನಮ್ಮ ಅತ್ತೆಯ ಮಾತನ್ನು ಅವರು ಪೂರ್ತಿ ಕೇಳಿದರು. ಅದರ ಅಡಿಯಲ್ಲೆಲ್ಲೋ ತಂಗಿ ಇದ್ದಾಳೆ ಎಂಬ ಹಾಗೆ.

ಸಾಕು, ಇಡ್ತೇನೆ ಎಂದರು ಅತ್ತೆ. ಟಕ್ ಎಂದಿತು. ಆಮೇಲೆ ಒಂದು ಕುರ್ಚಿ ಕಿರುಗುಟ್ಟಿತು. ಮಾತಿಗೆ ಮೊದಲು ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು. ಕ್ಯಾಸೆಟ್ ಮುಗಿಯಿತು.

ಅಕ್ಕ ಮತ್ತೆ ಎಂದು ಕೈಯಲ್ಲಿ ತೋರಿಸಿದರು. ಮತ್ತೆ ಹಾಕಿದೆ. ಎಷ್ಟು ಸಲ ಹಾಕಿದೆನೋ. ಕೊನೆಗೆ ಅವರು ಮೆಲ್ಲಗೆ ಏನೋ ಹೇಳಿದರು. ಅಜ್ಜ ನನ್ನ ಕಡೆ ತಿರುಗಿದ.

"ಉಸಿರು ಅವಳದೇ ಅಂತಾಳೆ."

ಕ್ಯಾಸೆಟ್ ತೆಗೆದುಕೊಂಡು ಹೋಗಿ ಎಂದೆವು. ಅವರು ಒಪ್ಪಲಿಲ್ಲ. ಅದರಲ್ಲಿ ನಿಮ್ಮ ತಾಯಿ ಇದ್ದಾರೆ, ತಾಯಿಯ ಸ್ವರವನ್ನು ಮನೆಯಿಂದ ಹೊರಗೆ ಕೊಡಬಾರದು ಎಂದರು. ನನ್ನ ಗಂಡ ಅಂಗಡಿಯೊಂದರಲ್ಲಿ ಆ ಕುರ್ಚಿಯ ಸದ್ದನ್ನೂ ಉಸಿರನ್ನೂ ಮಾತ್ರ ಹೊಸ ಕ್ಯಾಸೆಟ್ಟಿಗೆ ಇಳಿಸಿಕೊಟ್ಟರು. ಅಕ್ಕ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಅಲ್ಲಿ ಕಣ್ಣಿಲ್ಲದ ತಾಯಿ ಕೇಳಿದರೋ ಇಲ್ಲವೋ, ಕೇಳಿ ಏನೆಂದರೋ, ನಮಗೆ ಸುದ್ದಿ ಬರಲಿಲ್ಲ.

ಮರು ವರ್ಷ ರಜೆಗೆ ಊರಿಗೆ ಹೋದಾಗ ನಾನು ಅತ್ತೆಗೆ ಏನೂ ಹೇಳಿರಲಿಲ್ಲ. ಅವರೇ, ಅಕ್ಕಿ ಆರಿಸುತ್ತ, ಆ ಕ್ಯಾಸೆಟ್ಟಿನಲ್ಲಿ ಯಾವುದೋ ಹೆಂಗಸು ಇದ್ದಳಲ್ಲ ಎಂದು ತೆಗೆದರು. ಮಕ್ಕಳು ರೇಡಿಯೋ ಎಂದು ನಕ್ಕರಂತೆ. ಅತ್ತೆ ನಗಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರಂತೆ. ಆಮೇಲೆ ಎಂದಿನಂತೆ ಅದರ ಮೇಲೆ ತನ್ನ ಮಾತು ತುಂಬಿಸಿದರು. ಹಾಗೆ ತುಂಬಿಸುವುದು ಬಿಟ್ಟು ಬೇರೆ ಕ್ರಮ ಅವರಿಗೆ ಗೊತ್ತಿರಲಿಲ್ಲ.

"ಯಾರನ್ನೋ ಊಟಕ್ಕೆ ಕರೀತಿದ್ಲು ಮಗಾ. ಮಗಳನ್ನೇ ಇರ್ಬೇಕು, ಬೇರೆಯವರನ್ನು ಹಾಗೆ ಬೈಯೋದಿಲ್ಲ" ಎಂದರು. ಮೊರದಿಂದ ಕೈ ತೆಗೆದು ಕೇಳಿದರು: "ಬಂದ್ಲಾ ಕಡೇಗೆ?"

ಇಲ್ಲ ಅತ್ತೆ ಎಂದೆ. ಅವರು ಮತ್ತೆ ಅಕ್ಕಿಗೆ ಕೈ ಹಾಕಿದರು.

ಖಾನಂ ಸ್ವರದಲ್ಲಿ ಆ ನಾಟಕವನ್ನು, ಕೊನೆಯ ಮಾತೊಂದು ಬಿಟ್ಟು, ಕೇಳಿದ್ದು ನಾವಿಬ್ಬರೇ, ಭಾಷೆ ಬಾರದ ಇಬ್ಬರು. ಅದರಲ್ಲಿ ಅತ್ತೆಯೂ ಈಗಿಲ್ಲ. ಅವರ ಮಾತು ಕೇಳಬೇಕೆನಿಸಿದಾಗ ನಾನು ಆ ಕ್ಯಾಸೆಟ್ ಹಾಕುತ್ತೇನೆ. ನಾವು ನೈಫ್ ಬಿಟ್ಟು ಅಲ್ ಐನ್ ಊರಿಗೆ ಬಂದು ವರ್ಷಗಳಾದವು. ಇಲ್ಲಿ ಕಟ್ಟಡ ಹೊಸದು, ತಾರಸಿಗೆ ಬೀಗ ಹಾಕಿರುತ್ತಾರೆ. ಕರು, ಹಪ್ಪಳ, ಹಂಚು ಎಲ್ಲ ಮುಗಿದು ಟಕ್ ಎನ್ನುವ ಮೊದಲೇ ನಾನು ಈಗಲೂ ಎದ್ದು ಹೋಗಿ ಫ್ರಿಜ್ಜು ನಿಲ್ಲಿಸುತ್ತೇನೆ.

ಖಾನಂ ಮುಖ ಒಂದು ಕ್ಯಾಸೆಟ್ಟಿನಲ್ಲಿದೆ, ಬೇರೆ ಹೆಂಗಸಿನ ಮಾತಿನೊಂದಿಗೆ. ಖಾನಂ ಉಸಿರು ಇನ್ನೊಂದರಲ್ಲಿದೆ, ನಮ್ಮ ಅತ್ತೆಯ ಮಾತಿನ ಕೊನೆಗೆ. ಖಾನಂ ಮಾತು ಎಲ್ಲಿಯೂ ಇಲ್ಲ.