ಕುಂಟುವ ಚೆಂಡು, ಕಾಣದ ಪೆಟ್ಟು

ಬೈಲಹೊಂಗಲದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಟಿವಿಯಲ್ಲಿ ಅಮೆರಿಕದ ಕಡೆಯ ಕ್ರಿಕೆಟ್ ಬಂದಾಗ ಚೆಂಡು ಉರುಳುವುದಿಲ್ಲ, ಕುಂಟುತ್ತದೆ. ಬ್ಯಾಟಿಗೆ ತಾಗಿ ಹೊರಟ ಚೆಂಡು ನಡುದಾರಿಯಲ್ಲಿ ಏನನ್ನೋ ಮರೆತವರಂತೆ ಕ್ಷಣಮಾತ್ರ ತಡೆದು, ಮರುಕ್ಷಣ ಯಾರೂ ನೋಡಲಿಲ್ಲವೆಂಬಂತೆ ಮುಂದಕ್ಕೆ ಜಿಗಿಯುತ್ತದೆ. ಕೆಲವೊಮ್ಮೆ ಬೌಲರನ ತೋಳಿಗೆ ಇನ್ನೊಂದು ಮಸುಕು ತೋಳು ಅಂಟಿಕೊಂಡಿರುತ್ತದೆ. ಅಂಗಡಿಯಲ್ಲಿ ಇದನ್ನು ಗಮನಿಸುವವನು ನಾನೊಬ್ಬನೇ. ಒಮ್ಮೆ ಪಕ್ಕದಲ್ಲಿ ಕುಳಿತ ಕಬ್ಬಿನ ಲಾರಿಯ ಚಾಲಕರಿಗೆ ತೋರಿಸಿದೆ. "ಸಾಹೇಬ್ರ, ಚೆಂಡು ಬೌಂಡ್ರಿಗೆ ಹೋತೋ ಇಲ್ಲೋ ಅಷ್ಟ ನೋಡ್ರಿ. ಹೆಂಗ ಹೋತು ಅಂತ ಪಂಚನಾಮಿ ಮಾಡಬ್ಯಾಡ್ರಿ" ಎಂದರು. ಮೂವತ್ತಕ್ಕೂ ಹೆಚ್ಚು ವರ್ಷ ಪತ್ರಿಕೆಯಲ್ಲಿ ದುಡಿದು ನಿವೃತ್ತನಾದವನಿಗೆ ಪಂಚನಾಮೆ ಬಿಟ್ಟರೆ ಬೇರೆ ವಿದ್ಯೆಯೇ ಗೊತ್ತಿಲ್ಲವೆಂಬುದು ಅವರಿಗೆ ತಿಳಿಯದು.

ಕಾರಣ ಸರಳವಾಗಿದೆ. ಜಗತ್ತಿನ ಟಿವಿಗಳಲ್ಲಿ ಎರಡು ಪಂಗಡ. ಅಮೆರಿಕ, ಜಪಾನಿನಂಥ ಕಡೆ ಸೆಕೆಂಡಿಗೆ ಅರವತ್ತು ಚಿತ್ರಗಳು ಓಡುತ್ತವೆ, ನಮ್ಮಲ್ಲಿ ಐವತ್ತು. ಹಿಂದಿನ ಕಾಲದಲ್ಲಿ ಇನ್ನೊಂದು ಭೇದವೂ ಇತ್ತು: ಅವರ ಚಿತ್ರದಲ್ಲಿ ಗೆರೆ ಕಡಿಮೆ, ಓಟ ಹೆಚ್ಚು, ನಮ್ಮದರಲ್ಲಿ ಗೆರೆ ಹೆಚ್ಚು, ಓಟ ಕಡಿಮೆ. ಅಲ್ಲಿಯದನ್ನು ಇಲ್ಲಿಗೆ ತರುವ ಯಂತ್ರ ಹೆಚ್ಚುವರಿ ಚಿತ್ರಗಳಿಗೆ ಒಂದು ಗತಿ ಕಾಣಿಸಲೇಬೇಕು. ಅವನ್ನು ಎಸೆದುಬಿಟ್ಟರೆ ಚೆಂಡು ಕುಂಟುತ್ತದೆ. ಎಸೆಯಲು ಮನಸ್ಸಾಗದೆ ಅಕ್ಕಪಕ್ಕದ ಎರಡನ್ನು ಕಲಸಿ ಒಂದು ಮಾಡಿದರೆ ತೋಳಿಗೆ ನೆರಳುತೋಳು ಹುಟ್ಟುತ್ತದೆ. ನಿಂತದ್ದಕ್ಕೆ ಇದರಿಂದ ಅಂಥ ಬಾಧೆಯಿಲ್ಲ. ಗುಡ್ಡ, ಗುಡಿ, ಭಾಷಣ ಮಾಡುವ ಮಂತ್ರಿಗಳು ಬಹುಮಟ್ಟಿಗೆ ಕ್ಷೇಮವಾಗಿ ಬಂದು ತಲುಪುತ್ತಾರೆ. ಕೆಡುವುದು ವೇಗವಾಗಿ ಚಲಿಸುವಂಥದ್ದು.

ಯಂತ್ರವನ್ನು ಬೈಯಲು ನನಗೆ ಬಾಯಿಲ್ಲ, ಏಕೆಂದರೆ ಸುದ್ದಿಮನೆಯ ಮೇಜೂ ಅಂಥದೇ ಒಂದು ಯಂತ್ರ. ಮಲಪ್ರಭೆ ಉಕ್ಕಿದ ವರ್ಷ ರಾಮದುರ್ಗದಿಂದ ನಮ್ಮ ವರದಿಗಾರ ಒಬ್ಬ ಮುದುಕಿಯ ಮಾತನ್ನು ಬರೆದು ಕಳುಹಿಸಿದ್ದ: "ಹೊಳಿ ನಮ್ಮ ಮನಿಗೆ ಬಂತು, ಇತ್ತು, ಉಂಡು ಹೋತ್ರಿ. ವಾಸನಿ ಅಷ್ಟ ನಮಗ ಬಿಟ್ಟೈತಿ." ಮರುದಿನ ಅಚ್ಚಾಗಿದ್ದು: ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿ ಅಪಾರ ಹಾನಿ. ಸುದ್ದಿ ತಪ್ಪಾಗಿರಲಿಲ್ಲ. ಮನೆ ಇತ್ತು, ನೀರು ಇತ್ತು, ಹಾನಿ ಇತ್ತು. ಮುದುಕಿ ಇರಲಿಲ್ಲ.

ಆದರೆ ಟಿವಿಯ ಈ ಪಾಠ ನನಗಾದದ್ದು ಮುರಗೋಡದ ಗಂಗವ್ವನಿಂದ. ಆಕೆಯ ತಂದೆ ಫಕೀರಪ್ಪ ಕರಡಿ ಬಾರಿಸುವುದರಲ್ಲಿ ಈ ಭಾಗದ ದೊಡ್ಡ ಕೈ. ಕರಡಿಯೆಂದರೆ ಹೊಟ್ಟೆ ಉಬ್ಬಿದ ಮರದ ಚರ್ಮವಾದ್ಯ. ಸನಾದಿ, ತಾಳಗಳ ಜೊತೆ ಮೇಳ ಕೂಡಿದರೆ ಅದು ಕರಡಿ ಮಜಲು. ನಾನು ಕೆಲಸಕ್ಕೆ ಹೊಸಬನಾಗಿದ್ದಾಗ ಫಕೀರಪ್ಪನ ಮೇಳ ಜಪಾನಿಗೆ ಹೋಗಿಬಂತು. ಅಲ್ಲಿಯ ಟಿವಿಯವರು ಅವರ ವಾದನವನ್ನು ಪ್ರಸಾರ ಮಾಡಿ, ನೆನಪಿಗೆಂದು ಒಂದು ವಿಡಿಯೊ ಕ್ಯಾಸೆಟ್ ಕೊಟ್ಟಿದ್ದರು.

ಊರಿಗೆ ಬಂದ ಆ ಕ್ಯಾಸೆಟ್ಟನ್ನು ಬೈಲಹೊಂಗಲದಲ್ಲಿ ಲಗ್ನಗಳ ವಿಡಿಯೊ ತೆಗೆಯುತ್ತಿದ್ದ ದಸ್ತಗೀರಸಾಬರು ತಮ್ಮ ಯಂತ್ರಕ್ಕೆ ಹಾಕಿದರು. ಬಣ್ಣವಿಲ್ಲ, ಚಿತ್ರ ರಾಟೆಯಂತೆ ಮೇಲಕ್ಕೇ ಉರುಳುತ್ತಿತ್ತು. "ಫಕೀರಪ್ಪಣ್ಣ, ಇದಕ್ಕ ನಮ್ಮೂರ ನೀರ ಹಿಡದಿಲ್ಲ" ಎಂದರು ಸಾಬರು. ಕೊನೆಗೆ ಯಾರೋ ಅದನ್ನು ಮುಂಬಯಿಗೆ ಒಯ್ದು, ನಮ್ಮ ಪದ್ಧತಿಗೆ ಬದಲಿಸಿದ ಒಂದು ಪ್ರತಿಯನ್ನು ಮಾಡಿಸಿ ತಂದರು. ಮಠದ ಅಂಗಳದಲ್ಲಿ ಊರೆಲ್ಲ ಕೂಡಿ ನೋಡಿದೆವು. ಬಣ್ಣ ಬಂದಿತ್ತು, ಉರುಳಾಟ ನಿಂತಿತ್ತು, ಫಕೀರಪ್ಪನ ರುಮಾಲು ಕೆಂಪಗೆ ಹೊಳೆಯುತ್ತಿತ್ತು. ಪರದೆಯ ಮೇಲಿನ ಕೈಗಳನ್ನು ಯಾರು ನೋಡಬೇಕು? ಕೈಗಳ ಒಡೆಯನೇ ನಮ್ಮ ನಡುವೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಆ ಮೇಳದವರಲ್ಲಿ ಒಂದು ರೂಢಿ. ಮಜಲನ್ನು ಮುಗಿಸುವ ಕೊನೆಯ ಪೆಟ್ಟನ್ನು ಗುರು ಬಾಯಿಬಿಟ್ಟು ಹೇಳುವುದಿಲ್ಲ, ಅಭ್ಯಾಸ ಮಾಡಿಸುವಾಗ ತೋರಿಸುವುದೂ ಇಲ್ಲ; ಮೇಳ ಕೂಡಿ ಬಾರಿಸುವಾಗಷ್ಟೇ ಹಾಕುತ್ತಾನೆ. "ಕೊನೀ ಪೆಟ್ಟು ಕೇಳಬಾರದೋ, ಕಣ್ಣೀಲೆ ಕದೀಬೇಕು" ಎನ್ನುತ್ತಿದ್ದ ಫಕೀರಪ್ಪ. ಗಂಡುಮಕ್ಕಳು ಎದುರು ಕುಳಿತು ಕದಿಯಲು ನೋಡಿದರು, ಯಾರಿಗೂ ಪೂರಾ ದಕ್ಕಲಿಲ್ಲ. ಗಂಗವ್ವ ಹೆಣ್ಣುಮಗಳು. ಎದುರು ಕೂರುವಂತಿರಲಿಲ್ಲ. ಅಡುಗೆಮನೆಯ ಗೋಡೆಯಾಚೆ ರೊಟ್ಟಿ ಬಡಿಯುತ್ತ, ಅಪ್ಪನ ಲಯವನ್ನು ಹಿಟ್ಟಿನ ಮೇಲೆ ಬಡಿಯುತ್ತ ಕಲಿತಳು. ಕಿವಿಯಿಂದ ಕದಿಯಬಹುದಾದದ್ದನ್ನೆಲ್ಲ ಕದ್ದಳು. ಒಂದು ಮುಂಜಾನೆ ಫಕೀರಪ್ಪ ಹೊಲಕ್ಕೆ ಹೋದವನು ಎದೆನೋವಿನಿಂದ ಅಲ್ಲಿಯೇ ಮುಗಿದುಹೋದ.

ಕಳೆದ ವರ್ಷ ಗಂಗವ್ವ ನಮ್ಮ ಮನೆಗೆ ಬಂದಳು. ಈಗ ಅವಳದೇ ಒಂದು ಹೆಣ್ಣುಮಕ್ಕಳ ಮೇಳವಿದೆ. ಕಿತ್ತೂರಿನಲ್ಲಿ ಕೋಟೆಯ ಮುಂದೆ ಬಾರಿಸಲು ಕರೆ ಬಂದಿತ್ತು. "ಎಲ್ಲಾ ಬರತೈತ್ರಿ ಅಣ್ಣಾರ, ಕೊನೀದೊಂದು ಬರವಲ್ದು. ಸವದತ್ತಿ ಮೇಳದವ್ರು ನಗತಾರ, ಗಂಗವ್ವನ ಕರಡಿಗೆ ಬಾಲಿಲ್ಲ ಅಂತಾರ" ಎಂದಳು. ಮುಂಬಯಿಯ ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ತಂದಿದ್ದಳು. ಲ್ಯಾಪ್‌ಟಾಪಿನಲ್ಲಿ ಹಾಕಿ, ಕೊನೆಯ ಭಾಗವನ್ನು ನಿಧಾನ ಮಾಡಿ, ಚಿತ್ರ ಚಿತ್ರವಾಗಿ ನಿಲ್ಲಿಸಿ ನೋಡಿದೆವು. ಫಕೀರಪ್ಪನ ಮುಖ ಸ್ಪಷ್ಟ, ರುಮಾಲು ಸ್ಪಷ್ಟ, ಹಿಂದಿನ ಗೋಡೆಯ ಮೇಲಿನ ಹೂವಿನ ಚಿತ್ರ ಸ್ಪಷ್ಟ. ಕೈಗಳಿರಬೇಕಾದಲ್ಲಿ ಹೊಗೆ. ಮೇಲೆತ್ತಿದ ಕೈ, ಇಳಿದ ಕೈ ಒಂದೇ ಚಿತ್ರದಲ್ಲಿ ಅರೆಬರೆ ಬೆರೆತು, ಮುಂದಿನ ಚಿತ್ರದಲ್ಲಿ ಮತ್ತೆ ಬೇರೆ ರೀತಿಯಲ್ಲಿ ಬೆರೆತು, ಯಾವುದು ಮೊದಲು ಬಿತ್ತೆಂದು ಹೇಳುವಂತಿರಲಿಲ್ಲ. ಧ್ವನಿ ಮಾತ್ರ ಚೊಕ್ಕವಾಗಿತ್ತು. ಗಂಗವ್ವ ಮತ್ತೆ ಮತ್ತೆ ಹಾಕಿಸಿದಳು. "ಕೇಳಸತೈತ್ರಿ. ಕಾಣವಲ್ದು" ಎಂದಳು.

ಹುಬ್ಬಳ್ಳಿಯ ಒಂದು ಸ್ಟುಡಿಯೊದಲ್ಲಿ ಈ ಕಾಲದ ತಂತ್ರಾಂಶದಿಂದ ಸರಿಪಡಿಸಬಹುದೇ ಎಂದು ವಿಚಾರಿಸಿದೆ. ಮಾಡಿಕೊಟ್ಟರು. ಕೈಗಳು ಎಣ್ಣೆ ಹಚ್ಚಿದಂತೆ ನುಣುಪಾಗಿ ಬಂದವು. ಆದರೆ ಚಿತ್ರದಲ್ಲಿ ಕೋಲು ಚರ್ಮ ಮುಟ್ಟುವಾಗ ಧ್ವನಿಯಲ್ಲಿ ಪೆಟ್ಟಿರಲಿಲ್ಲ, ಪೆಟ್ಟು ಕೇಳಿದಾಗ ಕೋಲು ಗಾಳಿಯಲ್ಲಿತ್ತು. ಇಲ್ಲದ ಕೈಯನ್ನು ಯಂತ್ರ ಊಹಿಸಿ ಬರೆದಿತ್ತು. ಇದ್ದದ್ದನ್ನು ಕಳೆಯುವ ಯಂತ್ರಕ್ಕಿಂತ ಇಲ್ಲದ್ದನ್ನು ಇದೆಯೆನ್ನುವ ಯಂತ್ರಕ್ಕೆ ನಾನು ಹೆಚ್ಚು ಹೆದರುತ್ತೇನೆ. ಅದನ್ನು ಗಂಗವ್ವನಿಗೆ ತೋರಿಸಲಿಲ್ಲ.

ಉಳಿದದ್ದು ಜಪಾನಿನ ಮೂಲ ಕ್ಯಾಸೆಟ್. ಅದರಲ್ಲಿ ಅರವತ್ತಕ್ಕೆ ಅರವತ್ತೂ ಚಿತ್ರಗಳಿರಬೇಕು. ಅದನ್ನು ಓದಬಲ್ಲ ಯಂತ್ರ ಇಂದು ಹುಡುಕಿದರೆ ಸಿಗುತ್ತದೆ. ಗಂಗವ್ವನನ್ನು ಕರೆದುಕೊಂಡು ದಸ್ತಗೀರಸಾಬರ ಮನೆಗೆ ಹೋದೆ. ವಯಸ್ಸಾದ ಸಾಬರು ಗಂಗವ್ವನತ್ತ ತಿರುಗಿದರು.

"ಅದು ನಿನ್ನ ಹಂತ್ಯಾಕ ಐತೆವಾ" ಎಂದರು. "ನಿನ್ನ ಲಗ್ನದ ಕ್ಯಾಸೆಟ್ಟ ಅದು."

ಆದದ್ದಿಷ್ಟು. ಚಂದದ ಪ್ರತಿ ಕೈಗೆ ಬಂದ ಮೇಲೆ, ಬಣ್ಣವಿಲ್ಲದೆ ಉರುಳಾಡುವ ಮೂಲ ಎಲ್ಲರ ಲೆಕ್ಕದಲ್ಲಿ ಕೆಟ್ಟ ಕ್ಯಾಸೆಟ್ಟಾಗಿತ್ತು. ಆದರೆ ಅದರ ಟೇಪು ಗಟ್ಟಿ ಮಾಲು. ಮೇಲಾಗಿ ಅವರ ಯಂತ್ರಕ್ಕಿಂತ ನಮ್ಮ ಯಂತ್ರದಲ್ಲಿ ಟೇಪು ನಿಧಾನ ಸುತ್ತುವುದರಿಂದ ಅಲ್ಲಿಯ ಕ್ಯಾಸೆಟ್ಟು ಇಲ್ಲಿ ಹೆಚ್ಚು ಹೊತ್ತು ಬರುತ್ತಿತ್ತು. ಮಗಳ ಲಗ್ನವನ್ನು ಒಳ್ಳೆಯ ಟೇಪಿನ ಮೇಲೆಯೇ ತೆಗೆಯಬೇಕೆಂದು ಫಕೀರಪ್ಪನೇ ಅದನ್ನು ತಂದುಕೊಟ್ಟಿದ್ದ; ಜಪಾನಿನ ವಾದನ ಅಳಿದು ಅದರ ಮೇಲೆ ಲಗ್ನ ಕೂತಿತ್ತು. "ಬ್ಯಾಡಂದೆ ನಾ. ಹೊಸಾದು ಬಂದೈತಲ್ಲೋ ಸಾಬಾ, ಹಳೇದನ್ನೇನ್ ಉಪ್ಪಿನಕಾಯಿ ಹಾಕೂದೈತಿ ಅಂದಾ ನಿಮ್ಮಪ್ಪ" ಎಂದರು ಸಾಬರು. ಗಂಗವ್ವ ನಕ್ಕಳು. ಅವಳ ಅಪ್ಪ ಹಾಗೆಯೇ ಮಾತಾಡುತ್ತಿದ್ದ.

ಆದರೂ ಲಗ್ನದ ಕ್ಯಾಸೆಟ್ ತರಿಸಿ, ಸಾಬರ ಹಳೆಯ ಯಂತ್ರಕ್ಕೇ ಹಾಕಿ ನೋಡಿದೆವು. ಇಲ್ಲಿಯೇ ತೆಗೆದದ್ದು, ಯಾವ ಬದಲಾವಣೆಗೂ ಸಿಗದೆ ಉಳಿದದ್ದು. ಎಲ್ಲವೂ ನಿಚ್ಚಳ. ಚಪ್ಪರದಲ್ಲಿ ಫಕೀರಪ್ಪ ಓಡಾಡುತ್ತಿದ್ದ; ಬೆರಳಿನ ಉಂಗುರವೂ ಕಾಣುತ್ತಿತ್ತು. ಆದರೆ ಹೆಣ್ಣಿನ ತಂದೆ ಮಗಳ ಲಗ್ನದಲ್ಲಿ ಬಾರಿಸುವುದಿಲ್ಲ, ಕೈಮುಗಿದು ಬೀಗರನ್ನು ಬರಮಾಡಿಕೊಳ್ಳುತ್ತಾನೆ. ಬಾರಿಸುತ್ತಿದ್ದವರು ಸಂಗೊಳ್ಳಿಯ ಮೇಳದವರು. ಅಕ್ಷತೆಯ, ಅಂದರೆ ನಮ್ಮ ಕಡೆಯ ಅಕ್ಕಿಕಾಳಿನ ಹೊತ್ತಿಗೆ ಮಜಲು ಏರಿತು. ಒಂದು ಕಂಬಕ್ಕೆ ಆತು ನಿಂತಿದ್ದ ಫಕೀರಪ್ಪ ಅವರ ವಾದನವನ್ನು ಕೇಳುತ್ತ ತಲೆದೂಗಿದ. ಮುಗಿಸುವ ಘಟ್ಟ ಬಂದಂತೆ ಅವನ ಎರಡೂ ಕೈ ತಾವಾಗಿ ಎದ್ದವು. ಎದೆಯ ಮುಂದೆ, ಇಲ್ಲದ ಕರಡಿಯ ಎರಡು ಬದಿಗೆ ಬಂದವು. ಗಂಗವ್ವ ಪರದೆಯತ್ತ ಬಾಗಿದಳು. ಸಾಬರು "ಅಲ್ಲಾ" ಎಂದು ಬಾಯಲ್ಲೇ ಅಂದುಕೊಂಡದ್ದು ನನಗೆ ಕೇಳಿಸಿತು.

ಅದೇ ಕ್ಷಣಕ್ಕೆ ಅಕ್ಕಿಕಾಳು ಬಿದ್ದವು. ಲಗ್ನದ ಕ್ಯಾಮೆರಾ ಆ ಹೊತ್ತಿಗೆ ಎಲ್ಲಿ ತಿರುಗಬೇಕೋ ಅಲ್ಲಿಗೆ ತಿರುಗಿತು. ಪರದೆಯ ತುಂಬ ಹಣೆಗೆ ದಂಡೆ ಕಟ್ಟಿಕೊಂಡ ಮದುಮಗಳು, ತಲೆಯ ಮೇಲೆ ಹಳದಿ ಅಕ್ಕಿ, ನೆಲ ನೋಡುವ ಕಣ್ಣು. ಮತ್ತೆ ಕಂಬದತ್ತ ಬರುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

"ನನ್ನ ಮಾರೀನ ಅಡ್ಡ ಬಂತು ನೋಡ್ರಿ" ಎಂದಳು ಗಂಗವ್ವ. ಸಾಬರು ತಲೆಯೆತ್ತಲಿಲ್ಲ. ಆ ಕ್ಯಾಮೆರಾ ಹಿಡಿದವರು ಅವರೇ. "ನೀವೇನ್ ಮಾಡ್ತೀರಿ ಕಾಕಾ, ಮದುಮಗಳನ್ನ ಬಿಟ್ಟು ಮುದುಕನ್ನ ತಗದಿದ್ರ ನಮ್ಮತ್ತಿ ನಿಮ್ಮನ್ನ ಬಿಡತಿದ್ಲೇನು" ಎಂದು ಅವಳೇ ಅವರನ್ನು ಸಮಾಧಾನ ಮಾಡಿದಳು.

ಕಿತ್ತೂರಿಗೆ ನಾನೂ ಹೋಗಿದ್ದೆ. ಗಂಗವ್ವನ ಮೇಳ ಚೆನ್ನಾಗಿ ಬಾರಿಸಿತು. ಕೊನೆಯ ಘಟ್ಟಕ್ಕೆ ಬಂದಾಗ ಅವಳ ಕೈಗಳು ಎದ್ದು, ವಾದ್ಯದ ಎರಡು ಬದಿಗೆ ಬಂದು, ಅಲ್ಲಿಯೇ ನಿಂತವು. ತನ್ನದೊಂದು ಪೆಟ್ಟು ಹಾಕಿ ಮುಗಿಸಬಹುದಿತ್ತು, ಹಾಕಲಿಲ್ಲ. ಮಜಲು ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು. ಮರುದಿನದ ಪತ್ರಿಕೆಯಲ್ಲಿ ಕರಡಿ ಮಜಲು ಜನಮನ ಸೂರೆಗೊಂಡಿತು ಎಂದಿತ್ತು. ಸುದ್ದಿ ತಪ್ಪಾಗಿರಲಿಲ್ಲ.

ಮೊನ್ನೆ ಅದೇ ಚಹಾದಂಗಡಿಯಲ್ಲಿ ಅದೇ ಪರದೇಶದ ಆಟ. ಬೌಲರನ ತೋಳಿನ ಪಕ್ಕದ ಮಸುಕು ತೋಳನ್ನು ನೋಡುತ್ತ ಚಹಾ ಕುಡಿಯುತ್ತಿದ್ದೆ. ಲಾರಿ ಚಾಲಕರು ನನ್ನತ್ತ ತಿರುಗಿದರು.

"ಯಾಕ್ರಿ ಸಾಹೇಬ್ರ, ಚೆಂಡು ಇವತ್ತ ಕುಂಟವಲ್ದೇನು?"

"ಬೌಂಡ್ರಿಗೆ ಹೋತಲ್ರಿ" ಎಂದೆ.