ಅಕ್ಕ ಬೇಳೆ ಬಿಟ್ಟದ್ದು

ತೊಗರಿಯ ನಾಡಿನಲ್ಲಿ ಹುಟ್ಟಿದವರಿಗೆ ತೊಗರಿ ಬೇಳೆ ತಿನ್ನಬೇಡ ಎಂದರೆ ಅವರು ಮಣ್ಣು ತಿನ್ನಬೇಕೇ? ಹೀಗೆ ಕೇಳಿ ನಾನು ಅವ್ವನಿಂದ ಬೇಕಾದಷ್ಟು ಬೈಸಿಕೊಂಡಿದ್ದೇನೆ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಹೊಸತು. ಅಕ್ಕನನ್ನು ಚಿತ್ತಾಪುರಕ್ಕೆ ಕೊಟ್ಟಿದ್ದೆವು. ಮದುವೆಯಾದ ಮರುವರ್ಷವೇ ಅವಳ ಕಾಲು ಜೋಮು ಹಿಡಿದವು, ಒಂದು ಕಣ್ಣು ಮಂಜಾಯಿತು. ನೀರಿನ ಕೊಡ ಹೊತ್ತು ಅಂಗಳದಲ್ಲೇ ಬಿದ್ದಳು. ‘ಕಾಲು ನೆಟ್ಟಗಾದ ಮ್ಯಾಲ ಕಳಸ್ರಿ’ ಎಂದು ಅವಳ ಅತ್ತೆ ಶಹಾಬಾದಿನ ನಮ್ಮ ಮನೆಗೆ ತಂದು ಬಿಟ್ಟುಹೋದರು.

ನಮ್ಮೂರ ಹಕೀಮರು ನಾಡಿ ಹಿಡಿದು ನೋಡಿ ವಾಯು ಎಂದರು. ತೊಗರಿ ಬೇಳೆ, ಬದನೆಕಾಯಿ, ಶೇಂಗಾ ಎಲ್ಲ ಬಂದ್! ಅವ್ವ ಅಕ್ಕನಿಗೆಂದೇ ಬೇರೆ ಗಡಿಗೆ ಇಟ್ಟಳು. ನಾವು ಒಳಗೆ ಬೇಳೆ ರೊಟ್ಟಿ ಉಣ್ಣುವಾಗ ಅವಳು ಪಡಸಾಲೆಯಲ್ಲಿ ಜೋಳದ ಗಂಜಿ ಕುಡಿಯುತ್ತಿದ್ದಳು. ಸುಳ್ಳೇಕೆ ಹೇಳಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಗೋಡೆ ಹಿಡಿಯದೆ ನಡೆದಳು. ಕಣ್ಣೂ ತಿಳಿಯಾಯಿತು. ಅವ್ವ ಉಡಿ ತುಂಬಿ ಗಂಡನ ಮನೆಗೆ ಕಳಿಸಿದಳು.

ಎಳ್ಳಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಗೆ ಎಡೆಯ ಅನ್ನದ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಕಾಳು, ಸೊಪ್ಪು, ಬದನೆಕಾಯಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ ಇಲ್ಲದೆ ಆ ಊಟವೇ ಇಲ್ಲ. ‘ಹಬ್ಬದ ದಿನ ಒಲ್ಲೆ ಅನ್ನಬಾರ್ದು’ ಎಂದು ಬಡಿಸಿದವರೂ ಆ ಅತ್ತೆಯೇ. ಅಕ್ಕ ಉಂಡಳು. ಶಿವರಾತ್ರಿಯ ಹೊತ್ತಿಗೆ ಎರಡೂ ಕಾಲು ಮತ್ತೆ ಸೋತವು.

‘ನಿಮ್ಮ ಮಗಳಿಗಿ ನಾಲಿಗಿ ಮ್ಯಾಲ ಹಿಡಿತ ಇಲ್ರಿ. ತಿಂದಾಳ, ಅನುಭವಸ್ಲಿ’ ಎಂದು ಅತ್ತೆ ಅವಳನ್ನು ಮತ್ತೆ ತಂದು ಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವ್ವನೂ ಹಣೆ ಬಡಿದುಕೊಂಡು ಅಕ್ಕನನ್ನೇ ಕೇಳಿದಳು: ‘ಒಂದಿನ ಬಾಯಿ ಕಟ್ಲಿಕ್ಕೆ ಆಗ್ಲಿಲ್ಲೇನ ನಿನಗ?’ ಅಕ್ಕ ಅಂದಿನಿಂದ ಉಪ್ಪು, ಎಣ್ಣೆ, ಹಾಲು ಎಲ್ಲವನ್ನೂ ತಾನಾಗಿಯೇ ಬಿಟ್ಟಳು. ಮುಖ ಇಷ್ಟೇ ಇಷ್ಟಾಯಿತು.

ಕೊನೆಗೆ ನಾನೇ ಹಟ ಹಿಡಿದು, ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ, ಅವಳನ್ನು ಹೈದರಾಬಾದಿನ ನರರೋಗದ ಡಾಕ್ಟರರ ಬಳಿಗೆ ಕರೆದೊಯ್ದೆ. ಅವರು ಅಂಗಾಲು ಗೀರಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ತಾನಾಗಿ ಇಳಿಯುತ್ತದೆ, ತಾನಾಗಿ ಏರುತ್ತದೆ. ಯಾಕೆ ಬರುತ್ತದೋ ಯಾರಿಗೂ ಗೊತ್ತಿಲ್ಲ, ಪೂರ್ತಿ ವಾಸಿ ಮಾಡುವ ಮದ್ದೂ ಇಲ್ಲ. ತುಪ್ಪ, ಕೊಬ್ಬು ಕಡಿಮೆ ಮಾಡಿದರೆ ಒಳ್ಳೆಯದೆಂದು ಕೆಲವರು ಹೇಳುತ್ತಾರಂತೆ, ಅದೂ ಖಾತ್ರಿಯಿಲ್ಲ. ಭಜ್ಜಿಯಿಂದ ಬಂದದ್ದಂತೂ ಅಲ್ಲ, ಹೀಗೆ ಉಪವಾಸ ಬೀಳಬೇಡ ಎಂದು ಅಕ್ಕನಿಗೆ ತಿಳಿಸಿ ಹೇಳಿದರು.

ನಾನು ಗೆದ್ದೆ ಅಂದುಕೊಂಡೆ. ಮನೆಗೆ ಬಂದವಳೇ ಬೇಳೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ರೊಟ್ಟಿಯ ಜೊತೆ ಅಕ್ಕನ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

‘ಉಣ್ಣಕ್ಕ, ಡಾಕ್ಟರೇ ಹೇಳ್ಯಾರಲ್ಲ. ನಿನ್ನ ತಪ್ಪಲ್ಲ ಇದು.’

ಅವಳು ತಾಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

‘ನನ್ನ ತಪ್ಪಾಗಿದ್ರನೇ ಛಲೋ ಇತ್ತಲ್ಲೇ. ಬ್ಯಾಳಿಲಿಂದ ಬಂದಿದ್ರ ಬ್ಯಾಳಿ ಬಿಟ್ಟು ನೆಟ್ಟಗಾಗಿ ನನ್ನ ಮನಿಗಿ ಹೋಗ್ತಿದ್ದೆ. ಈಗ ಏನ್ ಬಿಡ್ಲಿ, ಹೇಳು?’

ನಾನು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ.